ಕೇಕಿಗೆ ನೀರು ಕುಡಿಸಿದ್ದು

ಕೇಕು ಎಂಬ ಪದಾರ್ಥದ ರುಚಿ ನೋಡುವ ಮೊದಲೇ ನಾನು ಅದನ್ನು ನಾಲ್ಕು ಸಲ ಮಾಡಿದ್ದೆ. ಇದು ಹೆಚ್ಚುಗಾರಿಕೆಯ ಮಾತಲ್ಲ, ತಪ್ಪೊಪ್ಪಿಗೆ. ನೋಡದ ಊರಿಗೆ ದಾರಿ ಹೇಳುವವನನ್ನು ಕಂಡರೆ ಜನ ನಗುತ್ತಾರೆ. ತಿನ್ನದ ತಿಂಡಿಯನ್ನು ಮಾಡಹೊರಟ ನನ್ನನ್ನು ಕಂಡು ಮನೆಯಲ್ಲಿ ಯಾರೂ ನಗಲಿಲ್ಲ. ಅವರೂ ತಿಂದವರಲ್ಲವಾದ್ದರಿಂದ ನಾನು ತಪ್ಪಿದೆನೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆ ಧೈರ್ಯವಿದ್ದದ್ದು ಐದು ತುಂಬಲಿದ್ದ ಒಬ್ಬಳಿಗೆ ಮಾತ್ರ. ಅವಳು ಒಂದು ಕೇಕನ್ನು ದೂರದಿಂದ ನೋಡಿದ್ದಳು.

ನನಗೆ ಎಲ್ಲವನ್ನೂ ಬರೆದಿಡುವ ಚಟ. ಮಳೆ ಬಂದ ದಿನ, ಹಲ್ಲುನೋವಿನ ದಿನ, ಮನೆಗೆ ಬಂದ ನೆಂಟರ ಸಂಖ್ಯೆ, ಅವರು "ಬರ್ತೀವಿ" ಎಂದು ಎದ್ದು ನಿಂತ ಮೇಲೆ ನಿಜವಾಗಿ ಹೊರಡಲು ಹಿಡಿದ ಹೊತ್ತು, ಎಲ್ಲಕ್ಕೂ ನನ್ನ ದಿನಚರಿಯಲ್ಲಿ ಜಾಗವುಂಟು. ಈ ಚಟದಿಂದಲೇ ನನಗೆ ಕೆಲಸವೂ ಸಿಕ್ಕಿತು. ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಏಳುತ್ತಿದ್ದ ಕಾಲ ಅದು. ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿ ಹಾಕಿದ ಗಾರೆ ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಅದು ನಿಧಾನವಾಗಿ ಗಟ್ಟಿಯಾಗಲೆಂದು ದಿನಕ್ಕೆ ಹಲವು ಸಲ ನೀರು ಚಿಮುಕಿಸಿ ಒದ್ದೆ ಗೋಣಿ ಹೊದಿಸಿಡಬೇಕು. ಇದಕ್ಕೆ ಗಾರೆಗೆ ನೀರು ಕುಡಿಸುವುದೆಂದು ನಮ್ಮಲ್ಲಿ ಹೆಸರು. ಗೋಡೆಯ ಯಾವ ಭಾಗಕ್ಕೆ ಯಾವ ಹೊತ್ತಿನಲ್ಲಿ ನೀರು ಕುಡಿಸಿದರೆಂದು ಪುಸ್ತಕದಲ್ಲಿ ಬರೆಯುವವನು ನಾನು. ಮೂರು ವರ್ಷ ಅದನ್ನೇ ಮಾಡಿದವನಿಗೆ ಲೋಕದಲ್ಲಿ ಎರಡೇ ಬಗೆಯ ವಸ್ತುಗಳು ಕಾಣುತ್ತವೆ: ನೀರು ಕುಡಿದು ಗಟ್ಟಿಯಾದವು, ನೀರು ಕುಡಿಯದೆ ಬಿರುಕು ಬಿಟ್ಟವು.

ನನ್ನ ಊರು ಐಮಂಗಲವಾದರೂ ಕೆಲಸದ ನಿಮಿತ್ತ ಕಣಿವೆಯ ಕ್ಯಾಂಪಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಭಾವ ಕ್ಯಾಂಪಿನ ಉಗ್ರಾಣ ನೋಡಿಕೊಳ್ಳುವವರು. ಈ ಕಥೆಯಲ್ಲಿ ಅವರ ಪಾಲು ಊಟದ ಹೊತ್ತಿಗೆ ಬಂದು, ಮೂಸಿ ನೋಡಿ, ಹೋಗುವುದಷ್ಟೇ. ಭಾವನ ತಾಯಿ ಜೊತೆಗಿದ್ದರು. ಅವರನ್ನು ನಾವೆಲ್ಲ ಅಜ್ಜಿ ಎನ್ನುತ್ತಿದ್ದೆವು. ತವರು ಹೊಸದುರ್ಗದ ಕಡೆಯ ಒಂದು ಹಳ್ಳಿ. ಅಲ್ಲಿನ ಕೆರೆ ತುಂಬಿದ ವರ್ಷ, ತುಂಬದ ವರ್ಷ, ಇಷ್ಟೇ ಅವರ ಪಂಚಾಂಗ. ಅಕ್ಕನ ಮಗಳು ನಾಗು. ಈ ಎಲ್ಲ ತೊಂದರೆಗೂ ಮೂಲ ಅವಳು. ಇಲ್ಲ, ಹಾಗೆ ಹೇಳಿದರೆ ದಿನಚರಿಗೆ ಮೋಸವಾದೀತು. ಮೂಲ ನಾನು.

ಆ ವರ್ಷದ ಮಾಗಿಯಲ್ಲಿ ನಾನು ಅವಳಿಗೆ, ಕಲ್ಲು ಸಾಗಿಸುವ ಟ್ರಾಲಿಯ ಮೇಲೆ ಒಂದು ದಿನ ಕೂರಿಸಿಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೆ. ಮಕ್ಕಳಿಗೆ ಮಾತು ಕೊಡುವಾಗ ನಾವು ಅದನ್ನು ಮಾತು ಎಂದುಕೊಳ್ಳುವುದಿಲ್ಲ, ಸುಮ್ಮನಿರಿಸುವ ಉಪಾಯ ಎಂದುಕೊಳ್ಳುತ್ತೇವೆ. ಅವಳು ಕೆಲಸಗಾರರ ಸಾಲುಮನೆಗಳ ಮಕ್ಕಳಿಗೆಲ್ಲ ಡಂಗುರ ಹೊಡೆದಳು. ಗೊತ್ತುಮಾಡಿದ ದಿನ ಹನ್ನೊಂದು ಮಕ್ಕಳು ಕಂಬಿಯ ಪಕ್ಕ ಬಿಸಿಲಲ್ಲಿ ಸಾಲಾಗಿ ನಿಂತು ನಮ್ಮ ದಾರಿ ಕಾದವಂತೆ. ಆ ದಿನದ ನನ್ನ ದಿನಚರಿಯಲ್ಲಿ "ತಲೆನೋವು, ಮನೆಯಲ್ಲೇ ಇದ್ದೆ" ಎಂದಷ್ಟೇ ಇದೆ. ಟ್ರಾಲಿಯ ಮಾತು ಒಂದಕ್ಷರವಿಲ್ಲ. ಎಲ್ಲವನ್ನೂ ಬರೆದಿಡುವವನು ಏನನ್ನು ಬಿಡುತ್ತಾನೆ ಎಂಬುದನ್ನು ಯಾರಾದರೂ ಬರೆದಿಡಬೇಕು. ಅಂದಿನಿಂದ ಕಮ್ಮಾರನ ಮಗಳು ಚೆನ್ನಿ ನಮ್ಮ ನಾಗುವಿಗೆ "ಸುಳ್ಳಿ" ಎಂದು ಹೆಸರಿಟ್ಟಳು. ಚೆನ್ನಿಗೆ ಏಳು ವರ್ಷ, ಅಪ್ಪನ ಸುತ್ತಿಗೆಯಂಥ ಬಾಯಿ. ಅವಳಿಟ್ಟ ಹೆಸರು ಹಾಗೆ ಹೀಗೆ ಕಳಚುವುದಿಲ್ಲ. ಕುಂಟಾಬಿಲ್ಲೆಯಲ್ಲಿ ನಾಗು ಗೆರೆ ತುಳಿಯಲಿಲ್ಲವೆಂದರೂ ಯಾರೂ ನಂಬುತ್ತಿರಲಿಲ್ಲ. ಸುಳ್ಳಿಯ ಮಾತು ಯಾವ ಆಟದಲ್ಲೂ ನಡೆಯುವುದಿಲ್ಲವಲ್ಲ.

ಹೀಗಿರಲು ಕಟ್ಟೆ ಕೆಲಸದ ಇಂಗ್ಲಿಷ್ ದೊರೆಯ ಮಗಳು ಎಲ್ಸಿಯ ಹುಟ್ಟಿದ ದಿನ ಬಂತು. ಸಾಲುಮನೆ ಮಕ್ಕಳ ಜೊತೆ ಆಡಿಯೇ ಕನ್ನಡ ಕಲಿತ ಹುಡುಗಿ ಅವಳು. ಮಕ್ಕಳೆಲ್ಲ ಬಂಗಲೆಯ ಬೇಲಿಯಾಚೆ ನಿಂತು, ಬೆಳ್ಳಗೆ ಹೊಳೆಯುವ ಒಂದು ವಸ್ತುವನ್ನು ಮೇಜಿನ ಮೇಲಿಟ್ಟು ಕೊಯ್ಯುವುದನ್ನು ನೋಡಿದರು. ಅಲ್ಲೇ, ಬೇಲಿ ಹಿಡಿದುಕೊಂಡೇ, ನಾಗು ಘೋಷಿಸಿದಳು: "ನಂಗೂ ಮಾಡ್ತಾರೆ. ಇದಕ್ಕಿಂತ ದೊಡ್ಡದು. ನಮ್ಮ ಮಾಮ ಮಾಡ್ತಾನೆ. ಎಲ್ರೂ ಬರ್ರಿ."

ಚೆನ್ನಿ ಹೇಳಿದಳಂತೆ: "ಹೂಂ, ಟ್ರಾಲೀಲಿ ಹೊತ್ಕಂಡು ಬರ್ತಾನೇನು?"

ಆ ಸಂಜೆ ನಾಗು ಊಟ ಬಿಟ್ಟು ಅತ್ತಳು. ನಾನು ದಿನಚರಿ ತೆಗೆದು, ಅವಳ ಹುಟ್ಟಿದ ದಿನಕ್ಕೆ ಎಷ್ಟು ದಿನ ಉಳಿದಿದೆಯೆಂದು ಎಣಿಸಿದೆ. ಅದಕ್ಕೂ ತಕರಾರು ಬಂತು. ಅಜ್ಜಿ ಹೇಳಿದ ತಿಥಿಯಂತೆ ಅದು ವೈಶಾಖದ ಒಂದು ಬುಧವಾರ. ನನ್ನ ದಿನಚರಿಯ ಇಂಗ್ಲಿಷ್ ತಾರೀಕಿನಂತೆ ನಾಲ್ಕು ದಿನ ತಡೆದು ಭಾನುವಾರ. ಬುಧವಾರ ಎಣ್ಣೆನೀರು, ಹೊಸ ಲಂಗ, ಶಾವಿಗೆ ಪಾಯಸ. ಭಾನುವಾರ ಕೇಕು ಎಂದು ತೀರ್ಮಾನವಾಯಿತು. ಒಂದೇ ವಾರದಲ್ಲಿ ಎರಡು ಸಲ ಐದು ತುಂಬಿದ ಮಗು ಮೈಸೂರು ಸೀಮೆಯಲ್ಲಿ ಇನ್ನೊಂದಿರಲಾರದು.

ಕೇಕಿನ ವಿಧಾನ ತಿಳಿದವನು ಕ್ಯಾಂಪಿನಲ್ಲಿ ಒಬ್ಬನೇ: ದೊರೆಯ ಬಟ್ಲರ್ ಚಿನ್ನಪ್ಪ. ನಮ್ಮ ಹಿತ್ತಿಲಿಗೂ ಬಂಗಲೆಯ ಅಡಿಗೆಮನೆಗೂ ನಡುವೆ ಒಂದು ಕಳ್ಳಿಬೇಲಿ. ನಾನು ಪೆನ್ಸಿಲು ಹಿಡಿದು ಬೇಲಿಯ ಬಳಿ ನಿಂತೆ.

"ಎಂಟು ಮೊಟ್ಟೆ ಸ್ವಾಮಿ," ಎಂದು ಅವನು ಊರಿಗೆಲ್ಲ ಕೇಳುವಂತೆ ಆರಂಭಿಸಿದ. "ಒಡೆದು, ಬಟ್ಟಲು ಬೋರಲು ಹಾಕಿದ್ರೂ ಬೀಳಬಾರ್ದು, ಅಂಗೆ ಕಡೀಬೇಕು."

ನಮ್ಮದು ಲಿಂಗ ಕಟ್ಟಿದ ಮನೆ. ಆ ಪದಾರ್ಥದ ಹೆಸರು ಹಿತ್ತಿಲು ದಾಟಿ ಒಳಗೆ ಬಂದರೂ ಅಜ್ಜಿ ನೆಲ ಸಾರಿಸುತ್ತಾರೆ. "ಮೆಲ್ಲಗೆ ಮಾತಾಡೋ ಮಾರಾಯ," ಎಂದೆ. "ಅದಿಲ್ಲದೆ ಆಗಲ್ವಾ?"

"ಅದಿಲ್ದೆ ಕೇಕಾಗಲ್ಲ ಸ್ವಾಮಿ, ಮುದ್ದೆ ಆಗ್ತೈತೆ."

ಒಳಗಿನಿಂದ ಅಕ್ಕ ಕೂಗಿದಳು: "ಏನಂತೋ ತಮ್ಮ? ಎಂಟು ಏನು ಬೇಕಂತೆ?"

"ಏಲಕ್ಕಿ!" ಎಂದೆ. ಅಂದಿನಿಂದ ಅಕ್ಕ ಪ್ರತಿ ಸಲವೂ ತಪ್ಪದೆ ಎಂಟು ಏಲಕ್ಕಿ ಹಾಕಿದಳು. ಸುಳ್ಳಿ ಎಂಬ ಹೆಸರು ಯಾರಿಗೆ ಸಲ್ಲಬೇಕಾಗಿತ್ತು ಎಂಬ ಪ್ರಶ್ನೆಯನ್ನು ನಾನು ಆಗ ಕೇಳಿಕೊಳ್ಳಲಿಲ್ಲ.

ಮೊಟ್ಟೆಯ ಬದಲು ಹುಳಿಮೊಸರು, ಬೆಣ್ಣೆ, ಮತ್ತು ಕ್ಯಾಂಪಿನ ಕಾಂಪೌಂಡರು ಹೊಟ್ಟೆಯುಬ್ಬರಕ್ಕೆ ಕೊಡುವ ಸೋಡಾ ಪುಡಿ ಎಂದು ಗೊತ್ತುಮಾಡಿದೆ. ಹೊಟ್ಟೆಯ ಉಬ್ಬರ ಇಳಿಸುವ ಪುಡಿಯೇ ಹಿಟ್ಟನ್ನು ಉಬ್ಬಿಸುತ್ತದೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ವೈದ್ಯಶಾಸ್ತ್ರಕ್ಕೂ ಪಾಕಶಾಸ್ತ್ರಕ್ಕೂ ಎಲ್ಲೋ ಒಂದು ಹಳೆಯ ಜಗಳವಿರಬೇಕು. ಮೈದಾ ನಮ್ಮಲ್ಲಿ ಸಿಗದು. ಸಣ್ಣ ರವೆ, ಸ್ವಲ್ಪ ಗೋಧಿಹಿಟ್ಟು, ಬೆಲ್ಲ. ಇಷ್ಟಾದ ಮೇಲೆ ನಿಜವಾದ ಕಷ್ಟ ಎದುರಾಯಿತು. ನಾವು ಎಲ್ಲವನ್ನೂ ಕೆಳಗಿನಿಂದ ಬೇಯಿಸುವ ಜನ. ರೊಟ್ಟಿ, ಹೋಳಿಗೆ, ದೋಸೆ, ಕೆಳಗೆ ಬೆಂದಮೇಲೆ ಮಗುಚಿ ಹಾಕುತ್ತೇವೆ. ಇಂಗ್ಲಿಷರಿಗೆ ಮಗುಚುವಷ್ಟು ಸಮಾಧಾನವಿಲ್ಲವೋ ಏನೋ, ನಾಲ್ಕೂ ಕಡೆಯಿಂದ ಒಟ್ಟಿಗೆ ಶಾಖ ಕೊಡುತ್ತಾರೆ. ಚಿನ್ನಪ್ಪ ಹೇಳಿದಂತೆ ತಾಮ್ರದ ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಹಾಕಿದೆ.

ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. "ಒಲೆ ಮ್ಯಾಲೆ ಪಾತ್ರೆ ಇಡೋದು ಕಂಡಿದೀನಿ. ಪಾತ್ರೆ ಮ್ಯಾಲೆ ಒಲೆ ಇಡೋದು ಇದೇ ಮೊದ್ಲು ನೋಡ್ತಿರೋದು ಕಣಪ್ಪ," ಎಂದು ಹೇಳಿ, ಈ ವ್ಯವಹಾರಕ್ಕೂ ತಮಗೂ ಸಂಬಂಧವಿಲ್ಲವೆಂದು ಸಾರಿ ಜಗಲಿಗೆ ಹೋದರು.

ಮುಂದಿನದನ್ನು ದಿನಚರಿಯಿಂದಲೇ ಎತ್ತಿ ಬರೆಯುತ್ತೇನೆ. ಮೊದಲ ಸಲ: ತಳ ಇದ್ದಲು, ನೆತ್ತಿ ಹಸಿ. ಎರಡನೆಯ ಸಲ: ಚೆನ್ನಾಗಿ ಉಬ್ಬಿತ್ತು, ಆಮೇಲೆ ಕುಸಿಯಿತು, ಮುಚ್ಚಳ ತೆಗೆದು ನೋಡಿದ ಲೆಕ್ಕ: ಅಕ್ಕ ೩, ಭಾವ ೧, ನಾನು ೪, ಸಂಬಂಧವಿಲ್ಲದ ಅಜ್ಜಿ ೫. ಮೂರನೆಯ ಸಲ: ಯಾರೂ ಮುಚ್ಚಳ ಮುಟ್ಟದಂತೆ ನಾನೇ ಕಾವಲು ಕುಳಿತೆ, ಕಾವಲಿನಲ್ಲಿ ತೂಕಡಿಸಿದೆ. ತೆಗೆದಾಗ ಅದು ಕಲ್ಲಾಗಿತ್ತು. ಭಾವ ಊಟಕ್ಕೆ ಬಂದವರು ಅದನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, "ಒಳ್ಳೆ ಕಲ್ಲು. ಕಟ್ಟೆಗೆ ಹಾಕ್ಬೋದು," ಎಂದರು.

ನಾಗು ಅಲ್ಲೇ ಇದ್ದಳು. ಅವಳ ಕಣ್ಣು ಅರಳಿದ್ದನ್ನು ನಾನು ನೋಡಿದೆ, ತಡೆಯಲಾಗಲಿಲ್ಲ. "ಮಾಮ! ಕಟ್ಟೆ ಮಾಡು! ಕಣಿವೆ ಕಟ್ಟೆ ತರಾನೇ ಕೇಕು ಮಾಡು!" ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಸಾಲುಮನೆಗಳ ಕಡೆ ಓಡಿ ಆಗಿತ್ತು. ಹಿಂತಿರುಗಿ ಬಂದಾಗ ಕ್ಯಾಂಪಿನ ಮಕ್ಕಳಿಗೆಲ್ಲ ಕರೆ ಹೋಗಿತ್ತು; ಎಲ್ಸಿಯೂ ಭಾನುವಾರ ನಾಲ್ಕು ಗಂಟೆಗೆ ಬರುವವಳಿದ್ದಳು. "ಈ ಸಲನೂ ಮಾಡ್ಲಿಲ್ಲ ಅಂದ್ರೆ ಚೆನ್ನಿ ನನ್ನ ಯಾವತ್ತೂ ಆಟಕ್ಕೆ ಸೇರ್ಸಲ್ವಂತೆ ಮಾಮ," ಎಂದು ನನ್ನ ಅಂಗಿಯ ತುದಿ ಹಿಡಿದು ಹೇಳಿದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ನಾಲ್ಕನೆಯ ಕೇಕು ಸರಿಯಾಗಿ ಬೆಂದಿತು. ಏಕೆ ಬೆಂದಿತೆಂದು ಗೊತ್ತಿಲ್ಲ. ಮಾಡಿದ್ದು ಹಿಂದಿನಂತೆಯೇ. ತಪ್ಪಿಗೆ ಕಾರಣ ಹುಡುಕುವಷ್ಟು ಶ್ರದ್ಧೆಯಿಂದ ನಾವು ಯಾರೂ ಸರಿಹೋದದ್ದಕ್ಕೆ ಕಾರಣ ಹುಡುಕುವುದಿಲ್ಲ. ಅದನ್ನು ಇಟ್ಟಿಗೆಯಂತೆ ಕತ್ತರಿಸಿ, ಎತ್ತರದ ಅಂಚಿನ ದೊಡ್ಡ ಹಿತ್ತಾಳೆ ಪರಾತದ ನಡುವೆ ಅಂಚಿನಿಂದ ಅಂಚಿಗೆ ಗೋಡೆ ಎಬ್ಬಿಸಿದೆ. ಸಂದುಗಳಿಗೆ ಬೆಲ್ಲದ ಪಾಕ. ಮೊದಲೇ ಕಾಗದದ ಮೇಲೆ ನಕ್ಷೆ ಬರೆದುಕೊಂಡಿದ್ದೆ. ನಕ್ಷೆಯಲ್ಲಿ ನೀರು ಹೊರಬಿಡುವ ತೂಬು ಇತ್ತಾದ್ದರಿಂದ ಗೋಡೆಯ ಬುಡದಲ್ಲಿ ಒಂದು ತೂತು ಕೊರೆದು, ಅದಕ್ಕೆ ಬಿರಡೆಯಾಗಿ ಒಂದು ಲವಂಗ ಸಿಕ್ಕಿಸಿದೆ. ನೀರೇ ಇಲ್ಲದ ಕಟ್ಟೆಗೆ ತೂಬೇಕೆ ಎಂದು ಅಕ್ಕ ಕೇಳಿದಳು. ನಕ್ಷೆಯಲ್ಲಿದೆ ಎಂದೆ.

ಇನ್ನು ಸಿಂಗಾರ. ಇಲ್ಲಿ ಒಂದು ಮಾತು ಹೇಳಬೇಕು. ಹುಟ್ಟಿದ ದಿನ ನಾವು ಮಗುವನ್ನು ಸಿಂಗರಿಸುತ್ತೇವೆ. ಹೂ ಮುಡಿಸಿ, ಕಾಡಿಗೆ ಹಚ್ಚಿ, ದೃಷ್ಟಿ ತೆಗೆಯುತ್ತೇವೆ. ತಿಂಡಿ ಪಾಪ ಬಟ್ಟಲಲ್ಲಿ ತನ್ನ ಪಾಡಿಗಿರುತ್ತದೆ. ಅವರು ತಿಂಡಿಯನ್ನು ಸಿಂಗರಿಸುತ್ತಾರೆ. ಅಷ್ಟು ಸಿಂಗರಿಸಿದ್ದನ್ನು ಎಲ್ಲರೂ ಸುತ್ತ ನಿಂತು ಚಾಕುವಿನಿಂದ ಕೊಯ್ಯುತ್ತಾರೆ. ಮಗುವನ್ನು ಸಿಂಗರಿಸುವ ನಮ್ಮ ಪದ್ಧತಿಯೇ ವಾಸಿ ಎಂದು ನನಗೆ ಶನಿವಾರ ಮಧ್ಯಾಹ್ನದ ಹೊತ್ತಿಗೆ ಖಚಿತವಾಗಿತ್ತು. ಏಕೆಂದರೆ ಬಿಳಿ ಲೇಪಕ್ಕೆ ಸಕ್ಕರೆ ಬೇಕು. ಸೀಮೆಸಕ್ಕರೆಯನ್ನು ಎಲುಬಿನ ಪುಡಿ ಹಾಕಿ ಬಿಳಿ ಮಾಡುತ್ತಾರೆಂದು ಕೇಳಿದ್ದ ಅಜ್ಜಿ ಅದನ್ನು ಹೊಸ್ತಿಲೊಳಗೆ ಬಿಡಲಿಲ್ಲ. ಕಲ್ಲುಸಕ್ಕರೆಯನ್ನು ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ಹಾಲು ನಿಂಬೆರಸ ಬೆರೆಸಿ ಕಲಸುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಗಿತ್ತು. ಭಾವ ಉಗ್ರಾಣದಿಂದ ಒಂದು ಹೊಸ ಕರಣೆ ತಂದುಕೊಟ್ಟರು. ಗಾರೆಯವರು ಬಳಸುವ ಕರಣೆ. ಅದನ್ನು ತೊಳೆದು ಹಿಡಿದಾಗ ನನ್ನ ಕೈಗೆ ಒಂದು ಗತ್ತು ಬಂತು. ನೀರು ತಾಗುವ ಹಿಂದಿನ ಮೈಗೆ ದಪ್ಪಗೆ, ಮುಂದಿನ ಮೈಗೆ ತೆಳ್ಳಗೆ, ಶಾಸ್ತ್ರೋಕ್ತವಾಗಿ ಲೇಪಿಸಿದೆ. ಕಟ್ಟೆ ಬೆಳ್ಳಗೆ ಎದ್ದು ನಿಂತಿತು. ನಾಗು ಅದರ ಸುತ್ತ ಏಳು ಸಲ ಸುತ್ತಿದಳು. ಎಣಿಸಿದ್ದೇನೆ.

ವೈಶಾಖದ ಬಿಸಿಲು. ಸಂಜೆ ಐದರ ಹೊತ್ತಿಗೆ ಸಕ್ಕರೆಯ ಮೈಮೇಲೆ ಕೂದಲೆಳೆಯಂಥ ಬಿರುಕುಗಳು ಕಂಡವು. ಮೊದಲು ಎರಡು, ಆಮೇಲೆ ಒಂಬತ್ತು.

ನನಗೆ ಕೊಂಚವೂ ಗಾಬರಿಯಾಗಲಿಲ್ಲ. ಇದನ್ನೇ ಒತ್ತಿ ಹೇಳಬೇಕೆಂದಿದ್ದೇನೆ. ಗಾಬರಿಯಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ. ಹೊಸ ಗಾರೆ ಬಿರುಕು ಬಿಟ್ಟರೆ ಏನು ಮಾಡಬೇಕೆಂದು ಕಣಿವೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಾರು? ಕೈಯಲ್ಲಿ ನೀರು ಹಿಡಿದು ಮೆಲ್ಲಗೆ ಚಿಮುಕಿಸಿದೆ. ಆರಕ್ಕೆ ಒಮ್ಮೆ, ಏಳಕ್ಕೆ ಒಮ್ಮೆ. ಮಡಿಯಾದ ಒಂದು ಪಂಚೆಯನ್ನು ನೆನೆಸಿ ಹೊದಿಸಿದೆ. ಬೆಳಗಿನವರೆಗೆ ಅದು ಆರದಂತೆ, ಪಂಚೆಯ ಒಂದು ತುದಿಯನ್ನು ಮೇಲಿನ ಗೂಡಿನಲ್ಲಿಟ್ಟ ನೀರಿನ ಕೊಡದೊಳಗೆ ಇಳಿಬಿಟ್ಟೆ. ಬಟ್ಟೆ ತಾನೇ ನೀರು ಹೀರಿಕೊಂಡು ಹನಿಹನಿಯಾಗಿ ಕುಡಿಸುತ್ತಿರಲಿ ಎಂದು. ಇರುವೆ ಬಾರದಂತೆ ಪರಾತವಿಟ್ಟ ಮಣೆಯ ಕಾಲುಗಳ ಕೆಳಗೆ ನೀರಿನ ಬಟ್ಟಲು. ದಿನಚರಿಯಲ್ಲಿ "ಎಲ್ಲ ವ್ಯವಸ್ಥೆ ಸರಿಯಾಗಿದೆ" ಎಂದು ಬರೆದು ಕೆಳಗೆ ಗೆರೆ ಎಳೆದೆ. ಆ ಗೆರೆ ಇನ್ನೂ ಇದೆ, ನೇರವಾಗಿದೆ.

ಭಾನುವಾರ ಬೆಳಿಗ್ಗೆ ಪಂಚೆ ಎತ್ತಿದೆ. ಬಿಳಿ ಇರಲಿಲ್ಲ. ಕಂದು ಬಣ್ಣದ, ಒದ್ದೆಯಾದ, ಅಲ್ಲಲ್ಲಿ ಮೂಲೆ ಸವೆದ ಒಂದು ಗೋಡೆ ನಿಂತಿತ್ತು. ಅದರ ಹಿಂದೆ, ಪರಾತದ ಅರ್ಧ ಭಾಗದ ತುಂಬ, ಎರಡು ಬೆರಳು ಎತ್ತರಕ್ಕೆ ಸಕ್ಕರೆಯ ಪಾಕ.

ಅಕ್ಕ ಬಂದು ನೋಡಿದಳು.

"ಸಕ್ಕರೆಗೆ ನೀರು ಹಾಕಿದ್ರೆ ಕರಗ್ತೈತೆ ಅಂತ ಯಾರಾದ್ರೂ ಹೇಳ್ಬೇಕಾಗಿತ್ತೇನೋ ತಮ್ಮ? ಇರುವೆಗೂ ಗೊತ್ತಲ್ಲೋ ಅದು."

"ಹಾಗಾದ್ರೆ ನಿನ್ನೆ ಯಾಕೆ ಬಾಯಿ ಮುಚ್ಕೊಂಡಿದ್ದೆ? ಎದುರಿಗೇ ಇದ್ಯಲ್ಲ!"

"ನೀವು ಕಟ್ಟೆ ಕಟ್ಟೋ ಜನ. ಅದ್ರಾಗೆ ಏನೋ ವಿದ್ಯೆ ಐತೆ ಅಂದ್ಕಂಡೆ."

ನನ್ನ ಜೀವಮಾನದಲ್ಲಿ ಇಷ್ಟು ಸಿಟ್ಟು ತರಿಸಿದ ಮರ್ಯಾದೆ ಇನ್ನೊಂದಿಲ್ಲ. ತಿಳಿಯದವನು ತಪ್ಪು ಮಾಡಿದರೆ ಹಾದಿಯಲ್ಲಿ ಹೋಗುವವನೂ ತಿದ್ದುತ್ತಾನೆ. ತಿಳಿದವನೆಂದು ಹೆಸರಾದವನು ತಪ್ಪು ಮಾಡಿದರೆ ಎಲ್ಲರೂ ದಾರಿ ಬಿಟ್ಟು ನಿಂತು ಕೈಮುಗಿಯುತ್ತಾರೆ. ದೊಡ್ಡ ದೊಡ್ಡ ಪಂಡಿತರ ದೊಡ್ಡ ದೊಡ್ಡ ತಪ್ಪುಗಳೆಲ್ಲ ಹೀಗೆಯೇ ಸುಖವಾಗಿ ಬೆಳೆದಿರಬೇಕು.

ಮತ್ತೆ ಲೇಪಿಸೋಣವೆಂದರೆ ಕಲ್ಲುಸಕ್ಕರೆ ಮುಗಿದಿತ್ತು. ಹಿರಿಯೂರಿಗೆ ಹೋಗಿಬರಲು ಗಾಡಿಯಿಲ್ಲ, ಹೊತ್ತಿಲ್ಲ. ಪಾಕ ಚೆಲ್ಲೋಣವೆಂದು ಪರಾತವನ್ನು ಓರೆ ಮಾಡಿದರೆ ಗೋಡೆ ಜರುಗಿತು. ಮುಟ್ಟದೆ ಬಿಟ್ಟೆ. ನಾಗುವಿಗೆ ಹೇಳಬೇಕೆಂದು ಎರಡು ಸಲ ಜಗಲಿಗೆ ಹೋದೆ. ಅವಳು ಜಡೆ ಹಾಕಿಸಿಕೊಳ್ಳುತ್ತ, "ಚೆನ್ನೀನ ಮುಂದ್ಗಡೆನೇ ಕೂರಿಸ್ಬೇಕು, ಚೆಂದಾಗಿ ಕಾಣ್ಲಿ," ಎನ್ನುತ್ತಿದ್ದಳು. ಎರಡು ಸಲವೂ ನೀರು ಕುಡಿದು ಹಿಂತಿರುಗಿದೆ. ಕೊನೆಗೆ ಮಕ್ಕಳ ಮುಂದೆ ನಾನೇ ತಪ್ಪೊಪ್ಪಿಕೊಳ್ಳುವುದೆಂದು ತೀರ್ಮಾನಿಸಿ, ಹೇಳಬೇಕಾದ ಮಾತನ್ನು ಕಾಗದದಲ್ಲಿ ಬರೆದುಕೊಂಡೆ. ಹನ್ನೆರಡು ಸಾಲಾಯಿತು. ಅದರಲ್ಲಿ ಏಳು ಸಾಲು ವೈಶಾಖದ ಬಿಸಿಲಿನ ವಿಷಯ.

ನಾಲ್ಕು ಗಂಟೆಗೆ ಹದಿನಾಲ್ಕು ಮಕ್ಕಳು ಬಂದರು. ಎಲ್ಸಿಯ ಹಿಂದೆ ಚಿನ್ನಪ್ಪ, ಕೈಯಲ್ಲಿ ಕೆಂಪು ಪಟ್ಟಿ ಕಟ್ಟಿದ ಚಾಕು. ಪರಾತವನ್ನು ಜಗಲಿಯ ಮೇಲಿಟ್ಟೆ. ಮತ್ತೆ ಹೊದಿಸಿದ್ದ ಪಂಚೆ ತೆಗೆದೆ.

ನಾಗುವಿನ ಮುಖ ಸಣ್ಣಗಾಯಿತು; ಅವಳು ನನ್ನನ್ನು ನೋಡಿದಳು. ಆ ನೋಟಕ್ಕಿಂತ ಹನ್ನೊಂದು ಮಕ್ಕಳ ಜೊತೆ ಬಿಸಿಲಲ್ಲಿ ನಿಂತಿರುವುದೇ ಎಷ್ಟೋ ಮೇಲು ಎನಿಸಿತು.

"ಬಿಳಿ ಎಲ್ಲೈತೆ?" ಎಂದು ಎಲ್ಸಿ ಕೇಳಿದಳು.

"ನಾನು ಹೇಳ್ಲಿಲ್ವೇನ್ರೇ," ಎಂದು ಚೆನ್ನಿ ಸೊಂಟಕ್ಕೆ ಕೈಯಿಟ್ಟಳು. "ಸುಳ್..."

ನಾನು ಕಾಗದ ತೆಗೆದೆ. ಅಷ್ಟರಲ್ಲಿ ನಾಗು ಬಗ್ಗಿ, ಗೋಡೆಯ ಹಿಂದೆ ನಿಂತ ಪಾಕಕ್ಕೆ ಬೆರಳು ಅದ್ದಿ ನೆಕ್ಕಿದಳು. ಮತ್ತೊಮ್ಮೆ ಅದ್ದಿದಳು. ಆಮೇಲೆ ಕ್ಯಾಂಪಿಗೆಲ್ಲ ಕೇಳುವಂತೆ ಕಿರುಚಿದಳು:

"ನೀರು ಬಂದೈತೆ ಕಣ್ರೇ! ಕಟ್ಟೆ ತುಂಬೈತೆ!"

ನಿಜವಾದ ಕಟ್ಟೆಯ ಹಿಂದೆ ಆಗಿನ್ನೂ ನೀರು ನಿಂತಿರಲಿಲ್ಲ. ಗೋಡೆ ನೋಡಿ ನೋಡಿ ಬೇಸತ್ತ ಮಕ್ಕಳು ಅವು. ಒಂದರ ಮೇಲೊಂದು ಬಿದ್ದು ಬಗ್ಗಿ ನೋಡಿದವು. ಬಾಗಿಲೊಳಗೆ ಕುಳಿತಿದ್ದ ಅಜ್ಜಿಗೆ ತುಂಬೈತೆ ಎಂಬ ಒಂದು ಮಾತು ಕೇಳಿಸಿತು. ಅವರು ಎದ್ದು ಬಂದರು, ನೋಡಿದರು, ಒಳಗೆ ಹೋದರು. ಹೊರಬಂದಾಗ ಅವರ ಕೈಯಲ್ಲಿ ಒಂದು ವೀಳ್ಯದೆಲೆ. ಎಲೆಯ ಮೇಲೆ ಅರಿಶಿನ, ಕುಂಕುಮ, ನಾಲ್ಕು ಕಾಳು ಅಕ್ಕಿ, ಒಂದು ಪುಟ್ಟ ಬಳೆ.

"ಕೆರೆ ತುಂಬಿದ್ಮ್ಯಾಲೆ ಬಾಗಿನ ಕೊಡ್ದೆ ಹಂಗೇ ನೋಡ್ತಾ ನಿಂತಿದೀರಲ್ರೇ. ಸರೀರಿ," ಎಂದು ಆ ಎಲೆಯನ್ನು ಪಾಕದ ಮೇಲೆ ತೇಲಿಬಿಟ್ಟು ಕೈಮುಗಿದರು. ಮಕ್ಕಳೆಲ್ಲ ಕೈಮುಗಿದವು. ಎಲ್ಸಿ ಆಚೆ ಈಚೆ ನೋಡಿ ತಾನೂ ಮುಗಿದಳು. ವಾರವಿಡೀ ಸಂಬಂಧವಿಲ್ಲವೆಂದ ಅಜ್ಜಿ ಎಲ್ಲರಿಗಿಂತ ಮುಂದೆ ನಿಂತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಚಿನ್ನಪ್ಪ ಚಾಕು ಮುಂದೆ ಮಾಡಿ ನಾಗುವಿನ ಕೈಯನ್ನು ಅದರ ಮೇಲಿಟ್ಟ. ಅಜ್ಜಿ ಹಾವು ಕಂಡವರಂತೆ ಕೂಗಿದರು:

"ಏಯ್! ತುಂಬಿದ ಕೆರೆ ಏರಿ ಕಡೀತೀರೇನ್ರೋ!"

"ಕಡೀದಿದ್ರೆ ತಿಂಬೋದು ಹೆಂಗಮ್ಮ?" ಎಂದ ಚಿನ್ನಪ್ಪ.

"ಅದು ನಂಗೊತ್ತಿಲ್ಲ. ಏರಿ ಕಡಿದೋರ ಮನೆ ಉಳಿದಿದ್ದು ನಾನು ಕಂಡಿಲ್ಲ."

"ಅಜ್ಜೀ, ಇದು ರವೆ!" ಎಂದೆ ನಾನು. ಆರು ದಿನ, ನಾಲ್ಕು ಕೇಕು, ಮೂವತ್ತೆರಡು ಏಲಕ್ಕಿ!

"ರವೆ ಆಗಿತ್ತಪ್ಪ. ಈಗ ಬಾಗಿನ ಕೊಟ್ಟಾಯ್ತಲ್ಲ," ಎಂದರು ಅಜ್ಜಿ ಶಾಂತವಾಗಿ.

ಕೇಕು ಮಾಡುವ ಕಷ್ಟಗಳನ್ನೆಲ್ಲ ಚಿನ್ನಪ್ಪ ನನಗೆ ಹೇಳಿದ್ದ. ಮಾಡಿದ ಕೇಕನ್ನು ಕೊಯ್ಯಲು ಧರ್ಮ ಅಡ್ಡ ಬಂದೀತೆಂದು ಅವನ ಯಾವ ದೊರೆಯೂ ಅವನಿಗೆ ಹೇಳಿರಲಿಲ್ಲ. ನಾನು ಜಗಲಿಯ ಕಂಬಕ್ಕೆ ಒರಗಿ ನಿಂತುಬಿಟ್ಟೆ.

"ತೂಬು ಎತ್ತಾಣ," ಎಂದಳು ನಾಗು.

ಎಲ್ಲರೂ ಅವಳನ್ನು ನೋಡಿದರು. ಅಜ್ಜಿ ಸ್ವಲ್ಪ ಯೋಚಿಸಿ, "ಹೂಂ. ಅದಾದ್ರೆ ನ್ಯಾಯ," ಎಂದರು.

ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ಎತ್ತಿ, ಸರದಿಯ ಮೇಲೆ ಹೊಲಹೊಲಕ್ಕೆ ನೀರು ಬಿಡುವವನನ್ನು ನೀರುಗಂಟಿ ಎನ್ನುತ್ತಾರೆ. ಅವನ ಮಾತಿಗೆ ಗೌಡನೂ ಎದುರಾಡುವುದಿಲ್ಲ. "ನಾನು ನೀರುಗಂಟಿ. ಎಲ್ರೂ ಸಾಲಾಗಿ ಕುಂತ್ಕಳ್ರಿ," ಎಂದು ನಾಗು ಆಜ್ಞೆ ಮಾಡಿದಳು. ಅಕ್ಕ ಮುತ್ತುಗದ ದೊನ್ನೆ ಹಂಚಿದಳು. ಲವಂಗ ಎಳೆದಾಗ ಪಾಕ ನೂಲಿನಂತೆ ಹೊರಬಂತು. ಒಂದೊಂದೇ ಹೊಲ ಮುಂದೆ ಬಂದು ದೊನ್ನೆ ಹಿಡಿಯಿತು. ಎಲ್ಸಿ ಮೂರನೆಯ ಹೊಲ. ಚೆನ್ನಿಯನ್ನು ನಾಗು ಕೂರಿಸಿದ್ದು ಕಟ್ಟಕಡೆಗೆ. ಕೆರೆಯಿಂದ ತೀರ ದೂರದ ಹೊಲಕ್ಕೆ ಕೊನೆಯ ಸರದಿ ಎಂಬುದು ಎಲ್ಲ ಮಕ್ಕಳಿಗೂ ಗೊತ್ತು. ಚೆನ್ನಿ ಜಗಳವಾಡಲಿಲ್ಲ. ಆದರೆ ಅವಳ ಸರದಿ ಬಂದಾಗ ನೂಲು ನಿಂತುಹೋಯಿತು. ತೂಬಿನಲ್ಲಿ ರವೆ ಸಿಕ್ಕಿಕೊಂಡಿತ್ತು.

ಸುತ್ತಿಗೆಯಂಥ ಬಾಯಿಯ ಆ ಹುಡುಗಿ ಖಾಲಿ ದೊನ್ನೆ ಹಿಡಿದು ತುಟಿ ಕಚ್ಚಿ ನಿಂತಳು. ಕಣ್ಣು ತುಂಬಿದ್ದನ್ನು ಯಾರೂ ನೋಡದಿರಲೆಂದು ಮುಖ ಮೇಲೆತ್ತಿದ್ದಳು. "ಹೋಗ್ಲಿ ಬಿಡು. ಕಡೇ ಹೊಲಕ್ಕೆ ಯಾವಾಗ್ಲೂ ಹಿಂಗೇ," ಎಂದಳು.

ನಾಗು ಅವಳನ್ನು ನೋಡಿದಳು. ಅಂಗಳದಲ್ಲಿ ಐದು ತಿಂಗಳ ಕಾಲ ಕೇಳಿದ ಹೆಸರೊಂದು ಆ ಕ್ಷಣ ಅವಳ ಕಿವಿಯಲ್ಲಿದ್ದಿರಬೇಕು. ಆಮೇಲೆ ಮೊಣಕಾಲೂರಿ ಕುಳಿತು, ಕಿರುಬೆರಳನ್ನು ತೂಬಿನೊಳಗೆ ತೂರಿಸಿ, ನಾಲಿಗೆ ಹೊರಚಾಚಿಕೊಂಡು, ಹೂಳು ತೆಗೆದಳು. ಪಾಕ ಮತ್ತೆ ಬಂತು, ಮೊದಲಿಗಿಂತ ದಪ್ಪಗೆ. ಚೆನ್ನಿ ಕುಡಿದಳು, ದೊನ್ನೆ ನೆಕ್ಕಿದಳು, ದೊನ್ನೆಯ ಹೊರಭಾಗವನ್ನೂ ನೆಕ್ಕಿದಳು.

"ನಾಗಿ ಹೇಳಿದ್ದು ದಿಟ ಐತೆ ಕಣ್ರೇ," ಎಂದಳು. ಅಷ್ಟೇ. ಕಮ್ಮಾರನ ಮಗಳು ತಾನು ಬಡಿದು ಕೂರಿಸಿದ ಹೆಸರನ್ನು ಒಂದೇ ಏಟಿಗೆ ಕಳಚಿಹಾಕಿದಳು.

ಕೆರೆ ಬತ್ತಿದ ಮೇಲೆ ಅಜ್ಜಿ ಎಲೆಯನ್ನು ತೆಗೆದು ಕಣ್ಣಿಗೊತ್ತಿಕೊಂಡು, "ಇನ್ನು ದುರಸ್ತಿಗೆ ಕಲ್ಲು ಕೀಳ್ರಪ್ಪ," ಎಂದು ಅಪ್ಪಣೆ ಕೊಟ್ಟರು. ಏರಿ ಹತ್ತು ನಿಮಿಷದಲ್ಲಿ ಇಲ್ಲವಾಯಿತು. ನಾನು ಮೊದಲ ಬಾರಿಗೆ ಕೇಕಿನ ರುಚಿ ನೋಡಿದೆ. ರವೆ, ಕಾದು ತುಪ್ಪವಾದ ಬೆಣ್ಣೆ, ಸಿಹಿಪಾಕ, ವಿಪರೀತ ಏಲಕ್ಕಿ. ಇದನ್ನು ಎಲ್ಲೋ ತಿಂದಿದ್ದೇನಲ್ಲ ಎಂದು ಯೋಚಿಸುತ್ತಿರುವಾಗ ಅಕ್ಕ ಒಂದು ಚೂರು ಬಾಯಿಗೆ ಹಾಕಿಕೊಂಡು, "ಲೇ ತಮ್ಮ, ಇದು ಸಜ್ಜಿಗೆ ಅಲ್ವೇನೋ? ನಂಗೆ ಹೇಳಿದ್ರೆ ಒಂದು ಗಳಿಗೇಲಿ ಕೆದಕಿ ಹಾಕ್ತಿದ್ನಲ್ಲೋ!" ಎಂದಳು. ಆ ಮಾತಿಗೆ ನನ್ನ ದಿನಚರಿಯಲ್ಲಿ ಜಾಗ ಕೊಟ್ಟಿಲ್ಲ.

ಸೋಮವಾರ ಕೆಲಸಕ್ಕೆ ಹೊರಡಲು ಅಂಗಿ ತೊಡುತ್ತಿದ್ದೆ. ಹೊರಗೆ ಜಗಲಿಯಲ್ಲಿ ನಾಗುವಿನ ದನಿ ಕೇಳಿಸಿತು.

"ಮುಂದಿನ ಸಲ ನಮ್ಮ ಮಾಮ ದುರ್ಗದ ಕೋಟೆ ಮಾಡ್ತಾನೆ. ಏಳು ಸುತ್ತೂ ಇರ್ತಾವೆ."

ಯಾವುದೋ ಮಗು "ಆಗಲ್ಲ ಬಿಡೇ" ಎಂದಿತು. ತಕ್ಷಣ ಚೆನ್ನಿಯ ದನಿ ಬಂತು: "ಯಾಕಾಗಲ್ಲ? ನಾಗಿ ಹೇಳಿದ್ಮ್ಯಾಲೆ ಮುಗೀತು. ಮಾಡೇ ಮಾಡ್ತಾನೆ."

ಹೊರಗೆ ಹೋಗಿ, ನಾನು ಅಂಥ ಮಾತು ಕೊಟ್ಟೇ ಇಲ್ಲ ಎಂದು ಹೇಳಬಹುದಾಗಿತ್ತು. ಅದು ನಿಜವೂ ಆಗಿತ್ತು. ಬಾಗಿಲವರೆಗೆ ಹೋದೆ ಕೂಡ. ಮಗು ಸುಳ್ಳಿಯೆಂದು ಹೆಸರಾದರೆ ಕಷ್ಟ ಆ ಮಗುವಿಗೊಂದಕ್ಕೇ. ಮಾತಿಗೆ ತಪ್ಪದವಳೆಂದು ಹೆಸರಾದರೆ ಕಷ್ಟ ಮನೆಮಂದಿಗೆಲ್ಲ. ಹಿಂತಿರುಗಿ ಬಂದು ಕುಳಿತು, ಕಾಗದದ ಮೇಲೆ ಒಂದರ ಹೊರಗೊಂದು ಸುತ್ತು ಎಳೆದು ನೋಡಿದೆ. ನಾಲ್ಕನೆಯ ಸುತ್ತಿಗೇ ಪರಾತ ಮುಗಿದುಹೋಯಿತು. ಇನ್ನೂ ದೊಡ್ಡ ಪರಾತ ಯಾರ ಮನೆಯಲ್ಲಿದೆಯೆಂದು ಅಕ್ಕನನ್ನು ಕೇಳಬೇಕು.